ನಡುರಾತ್ರಿ ಎಚ್ಚರಿಸುವ ಮಣಿಕಟ್ಟು

ಮೈಸೂರಿನಿಂದ ಹೊರಟು ನಂಜನಗೂಡನ್ನು ದಾಟಿ ಊಟಿಯ ಕಡೆಗೆ ಸಾಗುವ ಪ್ರವಾಸಿಗರಿಗೆ, ಮಳೆಗಾಲದ ಮೊದಲ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಸುತ್ತಣ ಹೊಲಗಳು ಒಂದು ಕಣ್ಣಹಬ್ಬ. ರಸ್ತೆಯ ಇಕ್ಕೆಲಗಳಲ್ಲಿಯೂ ಸೂರ್ಯಕಾಂತಿ, ಚೆಂಡುಹೂ. ಹಿನ್ನೆಲೆಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೀಲಿ ರೇಖೆ. ಕಾರನ್ನು ನಿಲ್ಲಿಸಿ, ಮಕ್ಕಳನ್ನು ಹೂವಿನ ನಡುವೆ ನಿಲ್ಲಿಸಿ, ಒಂದೆರಡು ಚಿತ್ರಗಳನ್ನು ತೆಗೆದುಕೊಳ್ಳದೆ ಮುಂದೆ ಹೋಗುವ ಕುಟುಂಬಗಳು ವಿರಳ. ಆ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣಿಸದ ವಸ್ತುವೊಂದುಂಟು. ಅದು ಆ ಹೂವನ್ನು ಬಿಡಿಸುವ ಕೈ.

ಈ ಚೆಂಡುಹೂವಿನಲ್ಲಿ ದೇವರ ಮುಡಿಗೆ ಹೋಗುವುದು ಸ್ವಲ್ಪ ಪಾಲು. ಬಹುಪಾಲು ಬಣ್ಣದ ಸತ್ವವನ್ನು ತೆಗೆಯುವ ಕಾರ್ಖಾನೆಗಳಿಗೆ ಚೀಲಗಟ್ಟಲೆ ಹೋಗುತ್ತದೆ. ಅದನ್ನು ಒಂದೊಂದಾಗಿ ಬಿಡಿಸಬೇಕಾದವರು ಹೆಂಗಸರು. ತೊಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಮಣಿಕಟ್ಟನ್ನು ಒಂದಿಷ್ಟು ತಿರುಚಿ ಚಿವುಟಬೇಕು. ಒಂದು ಹೂವಿಗೆ ಇದು ಕ್ಷಣಮಾತ್ರದ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಹೂಗಳಿಗೆ ಅದೇ ಕೆಲಸ. ಮನೆಗೆ ಬಂದ ಮೇಲೆ ಹಸುವಿನ ಹಾಲು ಕರೆಯಬೇಕು, ಬಟ್ಟೆ ಹಿಂಡಬೇಕು, ಒಲೆಯ ಮುಂದೆ ಕುಳಿತು ರಾಗಿಯ ಹಿಟ್ಟನ್ನು ಕೋಲಿನಿಂದ ತಿರುವಬೇಕು. ಇವೆಲ್ಲವೂ ಕಣ್ಣಿಗೆ ಬೇರೆ ಬೇರೆ ಕೆಲಸಗಳಾಗಿ ಕಂಡರೂ ಮಣಿಕಟ್ಟಿಗೆ ಒಂದೇ ಕೆಲಸ.

ಚಾಮರಾಜನಗರದ ಕಡೆಗೆ ಬಂದರೆ ಕಸುಬು ಬದಲಾಗುತ್ತದೆ, ಕೈಯ ಪಾಡು ಬದಲಾಗುವುದಿಲ್ಲ. ರೇಷ್ಮೆಯ ನಾಡು ಅದು. ಹಿಪ್ಪುನೇರಳೆಯ ಸೊಪ್ಪನ್ನು ಕೊಯ್ಯುವುದು, ಹುಳುವಿಗೆ ಹಾಸುವುದು, ಚಂದ್ರಿಕೆಯಿಂದ ಗೂಡನ್ನು ಬಿಡಿಸುವುದು, ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವುದು ಎಲ್ಲವೂ ಬೆರಳಿನ ತುದಿಯ ಕೆಲಸಗಳೇ. ಅರಿಸಿನದ ಕೊಂಬುಗಳನ್ನು ಮಣ್ಣಿನಿಂದ ಬಿಡಿಸಿ ಬೇರ್ಪಡಿಸುವವರೂ ಇಲ್ಲಿ ಕಡಿಮೆಯಿಲ್ಲ. ಇನ್ನು ಗಂಡಸರ ಪಾಲಿಗೆ ಕರಿಕಲ್ಲಿನ ಗಣಿಗಳಿವೆ. ದೇಶವಿದೇಶಗಳ ಕಟ್ಟಡಗಳಿಗೆ ಹೊಳಪು ಕೊಡುವ ಆ ಕಲ್ಲನ್ನು ಕೊರೆಯುವ ಯಂತ್ರವನ್ನು ಹಿಡಿದು ನಿಂತವನ ಮುಂಗೈಗೆ ಅದರ ನಡುಕವೆಲ್ಲ ಇಳಿಯುತ್ತದೆ. ನಡುಗುವ ಯಂತ್ರವನ್ನು ಬಹುಕಾಲ ಹಿಡಿಯುವ ಕೈಗೆ ಈ ಬೇನೆಯ ಭಯ ಹೆಚ್ಚೆಂಬುದು ವೈದ್ಯಲೋಕ ಒಪ್ಪಿರುವ ಮಾತು.

ಹಾಗೆಂದು ಇದು ಹೊಲ ಗಣಿಗಳವರಿಗೆ ಮಾತ್ರ ಮೀಸಲಾದ ಬೇನೆಯೆಂದು ಪಟ್ಟಣವಾಸಿಗಳಾದ ವಾಚಕರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹೊಲಿಗೆಯಂತ್ರದ ಮುಂದೆ ಕುಳಿತವಳಿಗೂ, ಕಛೇರಿಯಲ್ಲಿ ಕೀಲಿಮಣೆ ಬಡಿಯುವವನಿಗೂ, ಚಪಾತಿ ಲಟ್ಟಿಸುವ ಗೃಹಿಣಿಗೂ, ತುಂಬು ಬಸುರಿಗೂ, ಸಕ್ಕರೆ ಕಾಯಿಲೆಯವರಿಗೂ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಡುವಯಸ್ಸಿನಲ್ಲಿ ಇನ್ನೂ ಹೆಚ್ಚು. ಕಾರ್ಪಲ್ ಟನಲ್ ಸಿಂಡ್ರೋಮ್ ಎಂಬುದು ಅದರ ವೈದ್ಯಕೀಯ ನಾಮಧೇಯ.

ಎಂಟು ಮೂಳೆಗಳ ಓಣಿ

ಅಂಗೈಯ ಬುಡದಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ಜೋಡಿಸಿಕೊಂಡಿವೆ. ಆ ಕಮಾನಿನ ಮೇಲೆ ಅಡ್ಡಲಾಗಿ ಬಿಗಿದ ಗಟ್ಟಿಯಾದ ಪಟ್ಟಿಯೊಂದುಂಟು. ಮೂಳೆಗೂ ಪಟ್ಟಿಗೂ ನಡುವೆ ಉಳಿಯುವ ಇಕ್ಕಟ್ಟಾದ ಓಣಿಯಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಹಾದುಹೋಗಬೇಕು. ಅವುಗಳೊಡನೆ ಮೀಡಿಯನ್ ಎಂಬ ಹೆಸರಿನ ನರವೊಂದು ಹಾದುಹೋಗಬೇಕು. ರಜ್ಜುಗಳ ಹೊದಿಕೆ ಬಾತುಕೊಂಡರೆ ಜಾಗ ಬಿಟ್ಟುಕೊಡಲು ಮೂಳೆಯೂ ಒಪ್ಪುವುದಿಲ್ಲ, ಪಟ್ಟಿಯೂ ಒಪ್ಪುವುದಿಲ್ಲ. ಹಿಸುಕಲ್ಪಡುವುದು ಮೆತ್ತಗಿನ ನರವೇ. ಬಡವನ ಕೋಪ ದವಡೆಗೆ ಮೂಲವೆಂಬಂತೆ, ಮೆತ್ತಗಿದ್ದವನ ಮೇಲೆಯೇ ಎಲ್ಲರ ಭಾರ!

ಈ ಒತ್ತಡವನ್ನು ಅಳೆದು ನೋಡಿದವರೂ ಇದ್ದಾರೆ. ಆರೋಗ್ಯವಂತರಲ್ಲಿ, ಕೈ ನೇರವಾಗಿರುವಾಗ, ಓಣಿಯೊಳಗಿನ ಒತ್ತಡ ಪಾದರಸದ ಎರಡು ಮೂರು ಮಿಲಿಮೀಟರುಗಳಷ್ಟು. ರೋಗಿಗಳಲ್ಲಿ ಅದು ಸುಮಾರು 30. ಅದೇ ರೋಗಿಯು ಮಣಿಕಟ್ಟನ್ನು ಪೂರ್ತಿಯಾಗಿ ಮಡಿಸಿದರೆ ಅಥವಾ ಹಿಂದಕ್ಕೆ ಬಾಗಿಸಿದರೆ 90ನ್ನು ಮೀರುತ್ತದೆ. ಹಗಲಿನಲ್ಲಿ ದುಡಿಯುವಾಗ ಸುಮ್ಮನಿದ್ದ ನೋವು ರಾತ್ರಿ ಎರಡು ಗಂಟೆಗೆ ಎಬ್ಬಿಸುವುದೇಕೆಂಬ ಒಗಟಿಗೆ ಉತ್ತರ ಇಲ್ಲಿಯೇ ಇದೆ. ನಿದ್ರೆಯಲ್ಲಿ ಕೈಯನ್ನು ಮಡಿಸಿ ಗಲ್ಲದ ಕೆಳಗಿಟ್ಟು ಮುದುಡಿ ಮಲಗುವವರೇ ಬಹಳ.

ಲಕ್ಷಣಗಳೂ ಸ್ಪಷ್ಟವಾಗಿಯೇ ಇವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಭಾಗ ಇಷ್ಟರಲ್ಲಿ ಜೋಮು. ಇರುವೆ ಹರಿದಂತೆ ಜುಮುಜುಮು. ಕೆಲವೊಮ್ಮೆ ಮೊಣಕೈಯವರೆಗೂ ಸೆಳೆತ. ರೋಗಿಯು ಎದ್ದು ಕುಳಿತು, ಜ್ವರಮಾಪಕವನ್ನು ಒದರುವಂತೆ ಕೈಯನ್ನು ಒದರುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಹಾಯೆನಿಸುತ್ತದೆ. ಕಿರುಬೆರಳಿಗೆ ಏನೂ ಆಗಿರುವುದಿಲ್ಲ, ಏಕೆಂದರೆ ಅದರ ನರದ ಹಾದಿಯೇ ಬೇರೆ. ಐದೂ ಬೆರಳುಗಳು ಒಂದೇ ಸಮನಾಗಿ ಮರಗಟ್ಟಿದರೆ, ಅಥವಾ ಕತ್ತಿನಿಂದಲೇ ನೋವು ಇಳಿದುಬರುತ್ತಿದ್ದರೆ, ಕಾರಣವನ್ನು ಬೇರೆಡೆ ಹುಡುಕಬೇಕು. ಚರ್ಮದ ಮೇಲೆ ಎಲ್ಲಿಯಾದರೂ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಕುಷ್ಠರೋಗವೂ ನರಗಳನ್ನೇ ಮೊದಲು ಹಿಡಿಯುತ್ತದೆ, ಮತ್ತು ಬೇಗ ಗೊತ್ತಾದರೆ ಅದು ಔಷಧದಿಂದ ಪೂರ್ತಿಯಾಗಿ ಗುಣವಾಗುತ್ತದೆ.

ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ಮೂಳೆ ಮುರಿದ ಮಣಿಕಟ್ಟಿನಲ್ಲಿ ಈ ನರ ಅಮುಕಿಹೋದುದನ್ನು 1854ರಷ್ಟು ಹಿಂದೆಯೇ ವರ್ಣಿಸಿದ್ದನು. ಆದರೂ ಇದು ಸಾಮಾನ್ಯ ವೈದ್ಯರ ಗಮನಕ್ಕೆ ಬಂದುದು 1950ರ ದಶಕದಲ್ಲಿ, ಅಮೆರಿಕದ ಜಾರ್ಜ್ ಫೇಲನ್ ಎಂಬ ಶಸ್ತ್ರವೈದ್ಯನ ಬರಹಗಳಿಂದ. ಅವನ ಹೆಸರಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎರಡು ಮಣಿಕಟ್ಟುಗಳನ್ನೂ ಕೆಳಮುಖವಾಗಿ ಮಡಿಸಿ, ಹಸ್ತಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಒಂದು ನಿಮಿಷ ಹಿಡಿದರೆ ಸಾಕು. ತಿರುಗುಮುರುಗಾದ ನಮಸ್ಕಾರವೆನ್ನಬಹುದು. ಅಷ್ಟರಲ್ಲಿ ಬೆರಳುಗಳು ಜುಮುಗುಟ್ಟತೊಡಗಿದರೆ ಸಂದೇಹಕ್ಕೆ ಆಧಾರ ದೊರೆಯಿತು. ನಿಶ್ಚಯಕ್ಕೆ ನರದ ವಿದ್ಯುತ್ ಪರೀಕ್ಷೆ ಬೇಕಾಗುತ್ತದೆ.

ಈ ರೋಗಕ್ಕೆ ಒಂದು ದುರದೃಷ್ಟವುಂಟು. ನೋಡುವವರಿಗೆ ಏನೂ ಕಾಣಿಸುವುದಿಲ್ಲ. ಊತವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಕೈಯಿಂದ ಲೋಟ ಜಾರಿದರೆ ‘ಜ್ಞಾನವೆಲ್ಲಿದೆ?’ ಎನ್ನುವ ಅತ್ತೆ, ಕೆಲಸ ನಿಧಾನವಾದರೆ ‘ನೆಪ’ ಎನ್ನುವ ಮೇಸ್ತ್ರಿ, ‘ವಾಯು, ಬಿಡು’ ಎಂದು ಮಗ್ಗುಲಾಗುವ ಗಂಡ ಇವರ ನಡುವೆ ಹೆಣ್ಣುಮಗಳು ತಿಂಗಳುಗಟ್ಟಲೆ ರಾತ್ರಿ ಎದ್ದು ಕೈಯೊದರುತ್ತ ಕೂರುತ್ತಾಳೆ. ಅಷ್ಟರಲ್ಲಿ ಹೆಬ್ಬೆರಳಿನ ಬುಡದ ಮಾಂಸಖಂಡ ಸದ್ದಿಲ್ಲದೆ ಸೊರಗತೊಡಗುತ್ತದೆ. ಹಾಗೆ ಒಮ್ಮೆ ಸೊರಗಿದ ಖಂಡ ಮತ್ತೆ ತುಂಬಿಕೊಳ್ಳುವ ಭರವಸೆಯಿಲ್ಲ. ಹೂ ಬಿಡಿಸುವವಳಿಗೆ ಹೆಬ್ಬೆರಳೇ ಅನ್ನ.

ಅರಮನೆಯ ಯೋಗಶಾಲೆಯಿಂದ ಫಿಲಡೆಲ್ಫಿಯಾಕ್ಕೆ

ಯೋಗದಿಂದ ಈ ನೋವು ತಗ್ಗುವುದೆಂಬ ಮಾತನ್ನು ಕೇಳಿದೊಡನೆ, ಇದೂ ಸರ್ವರೋಗ ಸಂಜೀವಿನಿಯ ಜಾಹೀರಾತೇ ಇರಬೇಕೆಂದು ಮೂಗು ಮುರಿಯುವುದು ಸಹಜ. ಆದರೆ ಈ ವಿಷಯದಲ್ಲಿ ನಂಬಿಕೆಯ ಮಾತನ್ನು ಬದಿಗಿಟ್ಟು ನೋಡಬಹುದಾದ ಪರೀಕ್ಷೆಯೊಂದು ನಡೆದಿದೆ. ಅದರ ಬೇರು ಚಾಮರಾಜನಗರದಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿದೆ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಅರಿಕುಠಾರವೆಂದಿದ್ದ ಊರಿಗೆ ತನ್ನ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದು, ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಬೃಹದ್ಗ್ರಂಥ ಸಿದ್ಧವಾಯಿತು. ಅದರಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಇವೆ. ಅದೇ ಅರಮನೆಯ ಆಶ್ರಯದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಚಿತ್ರದುರ್ಗದ ಸೀಮೆಯಿಂದ ಬಂದ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಮರುವರ್ಷ ಅವರ ‘ಯೋಗಮಕರಂದ’ ಕನ್ನಡದಲ್ಲಿಯೇ ಅಚ್ಚಾಯಿತು.

ಆ ಶಾಲೆಗೆ 1934ರಲ್ಲಿ ಬಂದು ಸೇರಿದ ಹುಡುಗನೊಬ್ಬನು ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ. ಕೋಲಾರ ಸೀಮೆಯ ಬೆಳ್ಳೂರಿನವನು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಜರ್ಜರಿತನಾಗಿದ್ದ ಆ ಕೃಶದೇಹಿಯು ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಲೋಕವಿಖ್ಯಾತನಾಗುವನೆಂದು ಅಂದು ಯಾರೂ ಭಾವಿಸಿರಲಾರರು. 1937ರಲ್ಲಿ ಅವರು ಪುಣೆಗೆ ಪಾಠ ಹೇಳಲು ಹೋದರು, ಅಲ್ಲಿಯೇ ನೆಲೆಸಿದರು. 1966ರಲ್ಲಿ ಅವರ ಗ್ರಂಥ ‘ಲೈಟ್ ಆನ್ ಯೋಗ’ ಹೊರಬಂದಿತು. 2014ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಪದ್ಧತಿಯ ವೈಶಿಷ್ಟ್ಯವೆಂದರೆ ಬಾಗದ ದೇಹವನ್ನು ಬಲಾತ್ಕಾರದಿಂದ ಬಾಗಿಸದಿರುವುದು. ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಗೋಡೆ ಯಾವುದರ ಆಸರೆಯಾದರೂ ಸರಿ. ಆಸನವೇ ರೋಗಿಯ ಬಳಿಗೆ ಬರಬೇಕು.

ಈ ಪದ್ಧತಿಯನ್ನು ಕಲಿತ ಮೇರಿಯನ್ ಗಾರ್ಫಿಂಕೆಲ್ ಎಂಬಾಕೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವೈದ್ಯರೊಡಗೂಡಿ ಮಣಿಕಟ್ಟಿನ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ 1998ರ ನವೆಂಬರಿನಲ್ಲಿ ಅದರ ವರದಿ ಪ್ರಕಟವಾಯಿತು. 42 ಮಂದಿ ರೋಗಿಗಳು. 24ರಿಂದ 77 ವರ್ಷಗಳವರೆಗಿನ ವಯಸ್ಸಿನವರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾರಕ್ಕೆ ಎರಡು ಸಲದಂತೆ ಎಂಟು ವಾರ ಯೋಗಾಭ್ಯಾಸ. ಇನ್ನೊಂದು ಗುಂಪಿಗೆ ಅದುವರೆಗಿನ ಚಿಕಿತ್ಸೆಯ ಜೊತೆಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ.

ಎಂಟು ವಾರಗಳ ಕೊನೆಯಲ್ಲಿ ಯೋಗದ ಗುಂಪಿನವರ ನೋವಿನ ಅಂಕ 5ರಿಂದ 2.9ಕ್ಕೆ ಇಳಿದಿತ್ತು. ಹಿಡಿತದ ಬಲ ಹೆಚ್ಚಿತ್ತು. ಫೇಲನ್ನನ ಪರೀಕ್ಷೆಯಲ್ಲಿಯೂ ಅವರಲ್ಲಿ ಹೆಚ್ಚು ಮಂದಿ ಸುಧಾರಿಸಿದ್ದರು. ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಯೋಗದ ಉತ್ಸಾಹಿಗಳು ಹೇಳುವುದು ಅಪರೂಪ. ನಿದ್ರಾಭಂಗದಲ್ಲಾಗಲಿ, ನರದ ವಿದ್ಯುತ್ ಪರೀಕ್ಷೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಎಂದರೆ ನೋವು ತಗ್ಗಿತು, ಕೈಗೆ ಬಲ ಬಂತು. ನರದ ಮೇಲಿನ ಅಮುಕು ಬಿಟ್ಟಿತೆಂದು ಹೇಳಲು ಆಧಾರವಿಲ್ಲ. 42 ಜನ ದೊಡ್ಡ ಸಂಖ್ಯೆಯಲ್ಲ, ಎಂಟು ವಾರ ದೀರ್ಘಕಾಲವೂ ಅಲ್ಲ. ರೋಗದ ಮೊದಲ ಹಂತದಲ್ಲಿ ಯೋಗವನ್ನು ಸಹಾಯಕನಾಗಿ ಕರೆದುಕೊಳ್ಳಬಹುದೆಂಬಷ್ಟನ್ನು ಈ ಪರೀಕ್ಷೆ ಹೇಳುತ್ತದೆ, ಅದಕ್ಕಿಂತ ಹೆಚ್ಚನ್ನಲ್ಲ.

ಅಲ್ಲಿ ಕಲಿಸಿದ ಆಸನಗಳಲ್ಲಿ ಯಾವುದೂ ಸರ್ಕಸ್ಸಿನ ಸಾಹಸವಲ್ಲವೆಂಬುದು ಗಮನಾರ್ಹ. ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಅಂಗೈಗಳನ್ನು ಪಕ್ಕದಲ್ಲಿ ಆಸನಕ್ಕೆ ಒತ್ತಿ, ಭುಜಗಳನ್ನು ಹಿಂದಕ್ಕೂ ಕೆಳಕ್ಕೂ ತರುವುದು ಮೊದಲನೆಯದು. ಎದೆಯ ಮುಂದೆ ನಮಸ್ಕಾರ. ಎರಡು ಕೈಗಳನ್ನೂ ತಲೆಯ ಮೇಲಕ್ಕೆ ನೀಡುವ ಊರ್ಧ್ವಹಸ್ತಾಸನ. ಬೆರಳುಗಳನ್ನು ಹೆಣೆದು ಅಂಗೈಯನ್ನು ಆಕಾಶಕ್ಕೆ ತೋರಿಸುವ ಪರ್ವತಾಸನ. ಕುರ್ಚಿಯಲ್ಲಿಯೇ ಕುಳಿತು ಬೆನ್ನನ್ನು ಒಂದು ಪಕ್ಕಕ್ಕೂ ಇನ್ನೊಂದು ಪಕ್ಕಕ್ಕೂ ತಿರುವುವುದು. ಅಂಗೈಗಳನ್ನು ಗೋಡೆಗೆ ಆನಿಸಿ, ಸೊಂಟದಿಂದ ಬಾಗಿ, ಬೆನ್ನನ್ನು ಮಂಚದಂತೆ ಸಮತಟ್ಟು ಮಾಡುವುದು. ಬೆನ್ನ ಹಿಂದೆ ಕೈಜೋಡಿಸುವ ನಮಸ್ಕಾರ. ಕೊನೆಗೆ ಶವಾಸನ.

ಮಣಿಕಟ್ಟಿನ ನೋವಿಗೆ ಭುಜ ಬೆನ್ನುಗಳ ಆಸನವೇಕೆಂದು ಕೇಳಬಹುದು. ನರವು ಕತ್ತಿನಿಂದ ಹೊರಟು ಭುಜ, ತೋಳುಗಳನ್ನು ದಾಟಿ ಬೆರಳಿಗೆ ಬರುತ್ತದೆ. ಗೂನು ಬೆನ್ನು ಮಾಡಿ, ಭುಜವನ್ನು ಮುಂದಕ್ಕೆ ಚಾಚಿ ದಿನವಿಡೀ ಕುಳಿತವನು ಕೈಯನ್ನು ನೇರವಾಗಿ ಹಿಡಿಯಬೇಕೆಂದರೂ ಹಿಡಿಯಲಾರನು. ಮೇಲಿನ ಕೀಲು ಸರಿಯಾಗಿ ನಿಂತರೆ ಕೆಳಗಿನ ಕೀಲಿಗೆ ಭಾರ ಕಡಿಮೆಯೆಂಬುದು ಈ ಪದ್ಧತಿಯ ತರ್ಕ.

ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳಬೇಕು. ನಮಸ್ಕಾರದಲ್ಲಿಯೂ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಓಣಿಯ ಒತ್ತಡ ಏರುತ್ತದೆ. ಆದುದರಿಂದ ಮೊಣಕೈಗಳನ್ನು ಬಲವಂತವಾಗಿ ಮೇಲೆತ್ತದೆ, ಕೆಲವೇ ಉಸಿರುಗಳ ಕಾಲ ಹಿಡಿದು ಬಿಡಬೇಕು. ಜುಮುಜುಮು ಆರಂಭವಾದರೆ ಆ ಕ್ಷಣವೇ ನಿಲ್ಲಿಸಬೇಕು. ಮೈಯ ಭಾರವನ್ನೆಲ್ಲ ಬಾಗಿದ ಮಣಿಕಟ್ಟಿನ ಮೇಲೆ ಹೇರುವ ಆಸನಗಳು, ಮಯೂರಾಸನವಾಗಲಿ, ದಿನಕ್ಕೆ ಐವತ್ತು ನೂರೆಂದು ಹಟ ಹಿಡಿದು ಮಾಡುವ ಸೂರ್ಯನಮಸ್ಕಾರವಾಗಲಿ, ನೋವಿರುವಷ್ಟು ಕಾಲ ಕೂಡದು. ‘ನೋವಾದರೆ ಗುಣವಾಗುತ್ತಿದೆಯೆಂದು ಅರ್ಥ’ ಎನ್ನುವ ಗುರುಗಳು ಸಿಕ್ಕಿದರೆ ನಯವಾಗಿ ನಮಸ್ಕರಿಸಿ ಹಿಂದಿರುಗುವುದು ಮೇಲು.

ಎಣ್ಣೆಯ ಮಹಿಮೆ, ಎಣ್ಣೆಯ ಮಿತಿ

ಈ ಸೀಮೆಯಲ್ಲಿ ಎಣ್ಣೆ ನೀವುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಾಣಂತಿಗೂ ಮಗುವಿಗೂ ಎಣ್ಣೆನೀರು, ಗರಡಿಯ ಪೈಲ್ವಾನನಿಗೆ ಮಾಲೀಸು, ದೀಪಾವಳಿಗೆ ಅಭ್ಯಂಗ ಎಲ್ಲವೂ ಮನೆಮನೆಯ ಮಾತು. ಮೈಸೂರಿನಲ್ಲಿ 1908ರಲ್ಲಿಯೇ ಆಯುರ್ವೇದ ವಿದ್ಯಾಶಾಲೆ ಆರಂಭವಾದ ಪ್ರಾಂತ ಇದು. ಎಳ್ಳೆಣ್ಣೆ, ಹರಳೆಣ್ಣೆ, ವೈದ್ಯರು ಬರೆದುಕೊಡುವ ಮಹಾನಾರಾಯಣ ತೈಲ ಯಾವುದಾದರೂ ಆಗಬಹುದು. ಎಣ್ಣೆಯ ಹೆಸರಿಗಿಂತ ಕೈಯ ಹದ ಮುಖ್ಯ.

ಮಾಲೀಸಿನ ಬಗ್ಗೆಯೂ ಅಮೆರಿಕದ ಮಯಾಮಿಯಲ್ಲಿ ನಡೆದ ಪರೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ 16 ಜನ ಮಾತ್ರ. ನಾಲ್ಕು ವಾರ, ವಾರಕ್ಕೊಮ್ಮೆ ಬಲ್ಲವರಿಂದ ಮಾಲೀಸು, ಉಳಿದ ದಿನಗಳಲ್ಲಿ ತಾವೇ ಮಾಡಿಕೊಳ್ಳುವುದು. ಮಾಡಿಸಿಕೊಂಡವರಲ್ಲಿ ನೋವು ಕಡಿಮೆಯಾಯಿತು, ಹಿಡಿತ ಹೆಚ್ಚಿತು. ಹದಿನಾರು ಜನರ ಅನುಭವದಿಂದ ಸಿದ್ಧಾಂತ ಕಟ್ಟಲಾಗುವುದಿಲ್ಲ. ಆದರೂ ಹಿತವಾದ, ಖರ್ಚಿಲ್ಲದ ಉಪಾಯವನ್ನು ಬೇಡವೆನ್ನಲು ಕಾರಣವೂ ಇಲ್ಲ.

ಮಾಡುವ ಕ್ರಮ ಸುಲಭ. ಉಗುರುಬೆಚ್ಚಗಿನ ಎಣ್ಣೆಯನ್ನು ಹಚ್ಚಿ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ, ಮುಂಗೈಯ ಒಳಬದಿಯನ್ನು ಇನ್ನೊಂದು ಕೈಯಿಂದ ನಿಧಾನವಾಗಿ ನೀವಬೇಕು. ಬೆರಳುಗಳನ್ನು ಮಡಿಸುವ ಸ್ನಾಯುಗಳ ತುಂಬುಭಾಗ ಇರುವುದು ಅಲ್ಲಿಯೇ, ಬಿಗಿದಿರುವುದೂ ಅಲ್ಲಿಯೇ. ಅನಂತರ ಹೆಬ್ಬೆರಳಿನ ಬುಡದ ದಿಂಬನ್ನು ವೃತ್ತಾಕಾರವಾಗಿ ಮೃದುವಾಗಿ ಒತ್ತುವುದು, ಒಂದೊಂದು ಬೆರಳನ್ನೂ ಬುಡದಿಂದ ತುದಿಯವರೆಗೆ ಎಳೆದುಬಿಡುವುದು. ಮಣಿಕಟ್ಟಿನ ಗೆರೆಯ ನಟ್ಟನಡುವೆ ಹೆಬ್ಬೆರಳೂರಿ ಒತ್ತುವುದು ಮಾತ್ರ ಸಲ್ಲದು. ಮೊದಲೇ ಅಮುಕಿಹೋದ ನರವನ್ನು ಮತ್ತೆ ಅಮುಕಿದಂತಾಗುತ್ತದೆ.

ಇದರೊಡನೆ ಬೆರಳುಗಳ ಒಂದು ಸಣ್ಣ ವ್ಯಾಯಾಮವನ್ನು ವೈದ್ಯರು ಹೇಳಿಕೊಡುವುದುಂಟು. ಮೊದಲು ಬೆರಳುಗಳನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ತುದಿಗಳನ್ನು ಕೊಕ್ಕೆಯಂತೆ ಮಡಿಸಿ, ಆಮೇಲೆ ಪೂರ್ತಿ ಮುಷ್ಟಿ ಕಟ್ಟಿ, ಮತ್ತೆ ಬಿಡಿಸುವುದು. ಮಣಿಕಟ್ಟು ಮಾತ್ರ ನೇರವಾಗಿಯೇ ಇರಬೇಕು. ಓಣಿಯೊಳಗೆ ರಜ್ಜುಗಳು ಒಂದರ ಪಕ್ಕದಲ್ಲೊಂದು ಜಾರಾಡಲು ಇದರಿಂದ ಸಹಾಯವಾಗುತ್ತದೆ. ಹೊಲದ ಬದುವಿನ ಮೇಲೆ ಕುಳಿತಾಗಲೂ, ಬಸ್ಸಿಗೆ ಕಾಯುವಾಗಲೂ ಮಾಡಬಹುದು.

ಎರಡು ಅಪಾಯಗಳನ್ನು ಇಲ್ಲಿ ಹೇಳಲೇಬೇಕು. ಉಳುಕು ತೆಗೆಯುವವರ ಬಳಿಗೆ ಹೋಗಿ ಮಣಿಕಟ್ಟನ್ನು ಲಟಕ್ಕೆನ್ನುವಂತೆ ಎಳೆಸಿಕೊಳ್ಳುವ ಅಭ್ಯಾಸ ಹಳ್ಳಿಗಳಲ್ಲಿಯೂ ಉಂಟು, ಪಟ್ಟಣಗಳಲ್ಲಿಯೂ ಉಂಟು. ಇದು ಉಳುಕಲ್ಲ, ಎಳೆದು ಕೂರಿಸಬೇಕಾದ ಮೂಳೆ ಇಲ್ಲಿ ಯಾವುದೂ ಸರಿದಿಲ್ಲ. ಎರಡನೆಯದು ಶಾಖದ ವಿಚಾರ. ಜೋಮು ಹಿಡಿದ ಬೆರಳಿಗೆ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರ ಬೆರಳಿಗೆ, ಬಿಸಿ ಗೊತ್ತಾಗುವುದಿಲ್ಲ. ಕಾದ ಎಣ್ಣೆಯನ್ನೋ ಬಿಸಿ ಉಪ್ಪಿನ ಗಂಟನ್ನೋ ಇಟ್ಟುಕೊಂಡು ಹಿತವಾಗಿದೆಯೆಂದು ಕುಳಿತವರು ಬೊಬ್ಬೆಯೆದ್ದ ಮೇಲೆ ಎಚ್ಚರಗೊಳ್ಳುತ್ತಾರೆ. ಬಿಸಿಯನ್ನು ಜೋಮಿಲ್ಲದ ಇನ್ನೊಂದು ಕೈಯಿಂದಲೋ, ಮನೆಯವರ ಕೈಯಿಂದಲೋ ಮೊದಲು ನೋಡಬೇಕು.

ವಿಶ್ರಾಂತಿಯೆಂಬ ಔಷಧಿ

‘ಕೈಗೆ ವಿಶ್ರಾಂತಿ ಕೊಡಿ’ ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ದಿನಗೂಲಿಯವಳಿಗೆ ವಿಶ್ರಾಂತಿಯೆಂದರೆ ಆ ದಿನದ ಕೂಲಿಯಿಲ್ಲವೆಂದು ಅರ್ಥ. ಸಾಧ್ಯವಿಲ್ಲದ ಸಲಹೆಯನ್ನು ಕೊಡುವುದಕ್ಕಿಂತ ಸಾಧ್ಯವಾದ ಸಣ್ಣ ಬದಲಾವಣೆಗಳನ್ನು ಹೇಳುವುದು ಉಚಿತ. ಕುಡುಗೋಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬಿಗಿಯಾಗಿ ಹಿಡಿಯುವ ಶ್ರಮ ಕಡಿಮೆ. ಲಟ್ಟಣಿಗೆಗೂ ಹಿಟ್ಟಿನ ಕೋಲಿಗೂ ಅದೇ ಮಾತು. ಒಂದು ಸಾಲು ಬಲಗೈಯಿಂದ ಬಿಡಿಸಿದವಳು ಇನ್ನೊಂದು ಸಾಲನ್ನು ಎಡಗೈಯಿಂದ ಬಿಡಿಸಲು ಯತ್ನಿಸಬಹುದು. ಮೊದಮೊದಲು ನಿಧಾನವಾದರೂ ರೂಢಿಯಾಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವ ಬದಲು ನಲ್ಲಿಗೆ ಜೋತುಬಿಟ್ಟು ನೀರಿಳಿಸಬಹುದು. ನಾಲ್ಕೈದು ಹಸುಗಳಿರುವ ಮನೆಯಲ್ಲಿ ಕರೆಯುವ ಯಂತ್ರವನ್ನು ತರುವುದು ಆಡಂಬರವಲ್ಲ. ಹಾಲಿನ ಲೆಕ್ಕ ಹಾಕುವಾಗ ಕರೆಯುವವಳ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯ ಗಂಡಸರು ಒಂದು ಹೊತ್ತು ಹಾಲು ಕರೆದರೆ ಯಂತ್ರದ ಖರ್ಚೂ ಉಳಿಯುತ್ತದೆ!

ರಾತ್ರಿಯ ವಿಶ್ರಾಂತಿಗಾದರೋ ಕೂಲಿಯ ಪ್ರಶ್ನೆಯಿಲ್ಲ. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಔಷಧದ ಅಂಗಡಿಯಿಂದ ತಂದು, ಮಲಗುವಾಗ ಕಟ್ಟಿಕೊಂಡು, ಒಂದೂವರೆ ತಿಂಗಳು ಬಿಡದೆ ಅಭ್ಯಾಸ ಮಾಡಿದರೆ ಅನೇಕರಿಗೆ ಉಪಶಮನವಾಗುತ್ತದೆ. ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಾಗಿಸುವಂತಿದ್ದರೆ ಅದನ್ನು ನೇರಮಾಡಿಸಿಕೊಳ್ಳಬೇಕು. ಯೋಗ, ಮಾಲೀಸುಗಳ ಹೆಸರು ಹೇಳಿಕೊಂಡು ಈ ಸಾದಾ ಪಟ್ಟಿಯನ್ನು ತಿರಸ್ಕರಿಸುವುದು ಬುದ್ಧಿವಂತಿಕೆಯಲ್ಲ. ಮೂರೂ ಒಟ್ಟಿಗೆ ಬಾಳಬಲ್ಲವು.

ಬಸುರಿಯರಲ್ಲಿ ಈ ಬೇನೆ ಕಡೆಯ ತಿಂಗಳುಗಳಲ್ಲಿ ಮೈಯಲ್ಲಿ ನೀರು ತುಂಬುವುದರಿಂದ ಬರುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಅದುವರೆಗೆ ರಾತ್ರಿಯ ಪಟ್ಟಿಯೇ ಸಾಕು. ಬಾಣಂತಿಯರಲ್ಲಿ ಮಗುವನ್ನು ಎತ್ತೆತ್ತಿ ಹೆಬ್ಬೆರಳಿನ ಬುಡದ ಪಕ್ಕದಲ್ಲಿ ನೋಯುವುದು ಬೇರೆಯೇ ತೊಂದರೆ, ಅದರಲ್ಲಿ ಜೋಮಿರುವುದಿಲ್ಲ.

ಯಾವಾಗ ಆಸ್ಪತ್ರೆಗೆ?

ರೋಗ ಗೊತ್ತಾದೊಡನೆ ರಕ್ತದಲ್ಲಿ ಸಕ್ಕರೆಯನ್ನೂ ಥೈರಾಯಿಡ್ ಗ್ರಂಥಿಯ ಕೆಲಸವನ್ನೂ ಪರೀಕ್ಷಿಸಿಕೊಳ್ಳಬೇಕು. ಥೈರಾಯಿಡ್ ಮಂದವಾಗಿದ್ದು ಮಣಿಕಟ್ಟು ನೋಯುವವರಿಗೆ, ಮೂಲಕ್ಕೆ ಮದ್ದು ಕೊಡದೆ ಎಣ್ಣೆ ತಿಕ್ಕುತ್ತ ಕುಳಿತರೆ, ಸೋರುವ ಮಾಳಿಗೆಯ ಕೆಳಗೆ ನೆಲ ಒರೆಸಿದಂತೆ. ಕೀಲುವಾತವಿದ್ದರೂ ಹಾಗೆಯೇ.

ಜೋಮು ಬಂದುಹೋಗುವುದನ್ನು ಬಿಟ್ಟು ಹಗಲೂ ರಾತ್ರಿಯೂ ನೆಲೆಯೂರಿದರೆ, ಗುಂಡಿ ಹಾಕುವುದು, ಹೂ ಕಟ್ಟುವುದು, ನಾಣ್ಯ ಎತ್ತುವುದು ಕಷ್ಟವಾದರೆ, ಎರಡು ಅಂಗೈಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದರ ಹೆಬ್ಬೆರಳಿನ ದಿಂಬು ಚಪ್ಪಟೆಯಾಗಿ ಕಂಡರೆ, ಯೋಗದ ಕಾಲ ಮುಗಿಯಿತು. ಆರು ವಾರಗಳ ಪಟ್ಟಿ, ಅಭ್ಯಾಸಗಳಿಂದ ಏನೂ ಗುಣ ಕಾಣದವರೂ ತಡಮಾಡಬಾರದು.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ ಹೊಸ ಬೋಧನಾ ಆಸ್ಪತ್ರೆ 2021ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಒಂದು ಕಾಲದಲ್ಲಿ ಕೈಯೊಂದಕ್ಕಾಗಿ ಮೈಸೂರಿನ ರೈಲು ಹತ್ತಬೇಕಾಗಿದ್ದ ಜನರಿಗೆ ಇದು ಸಣ್ಣ ಅನುಕೂಲವೇನಲ್ಲ. ರೈಲಿಲ್ಲದ ಗುಂಡ್ಲುಪೇಟೆಯವರಿಗೆ ಬಸ್ಸಿನ ದಾರಿ ಮೈಸೂರಿಗೂ ಉಂಟು, ಚಾಮರಾಜನಗರಕ್ಕೂ ಉಂಟು.

ಆಸ್ಪತ್ರೆಯಲ್ಲಿ ನಡೆಯುವುದು ಎರಡರಲ್ಲೊಂದು. ಓಣಿಯೊಳಕ್ಕೆ ಸ್ಟೀರಾಯಿಡ್ ಚುಚ್ಚುಮದ್ದು ಕೊಟ್ಟರೆ ಊತ ಇಳಿದು ಕೆಲವು ವಾರ, ತಿಂಗಳುಗಳ ಕಾಲ ನೆಮ್ಮದಿ. ಮತ್ತೆ ಮರುಕಳಿಸುವುದೂ ಉಂಟು. ಇನ್ನೊಂದು ಶಸ್ತ್ರಚಿಕಿತ್ಸೆ. ಅದರ ಹೆಸರಿಗೆ ಹೆದರುವಷ್ಟು ಕೆಲಸವಿಲ್ಲ. ಕೈಯನ್ನು ಮಾತ್ರ ಮರಗಟ್ಟಿಸಿ, ಅಂಗೈಯ ಬುಡದಲ್ಲಿ ಸಣ್ಣದಾಗಿ ಕೊಯ್ದು, ಓಣಿಯ ಮೇಲಿನ ಬಿಗಿಯಾದ ಪಟ್ಟಿಯನ್ನು ಕತ್ತರಿಸಿ ಬಿಡುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾಳೆ, ಬಹುತೇಕ ಅದೇ ದಿನ ಮನೆಗೆ ಹೋಗುತ್ತಾಳೆ. ಎಷ್ಟೋ ಜನರಿಗೆ ಆ ವಾರದಲ್ಲಿಯೇ ರಾತ್ರಿಯ ನೋವು ಬಿಟ್ಟಿರುತ್ತದೆ. ಹಿಡಿತದ ಬಲ ಹಿಂದಿರುಗಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಅಂಗೈಯ ಬುಡ ಅಷ್ಟು ಕಾಲ ಒತ್ತಿದರೆ ನೋಯುವುದು ಸಾಮಾನ್ಯ. ಎರಡು ಕೈಗಳಿಗೂ ರೋಗವಿದ್ದರೆ ಸಾಮಾನ್ಯವಾಗಿ ಒಂದಾದ ಮೇಲೆ ಒಂದಕ್ಕೆ ಮಾಡುತ್ತಾರೆ, ಮನೆಯವರು ಆ ದಿನಗಳಲ್ಲಿ ಅಡಿಗೆಯನ್ನೂ ಕೊಟ್ಟಿಗೆಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಹೂವಿನ ಕೊಯ್ಲು, ರೇಷ್ಮೆಯ ಬೆಳೆ ಮುಗಿದ ತಿಂಗಳನ್ನು ಇದಕ್ಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಕೂಲಿಯ ನಷ್ಟ ಅಷ್ಟರಮಟ್ಟಿಗೆ ಕಡಿಮೆ.